ಬೆಂಕಿ ಬೀಳದ ಕಾಡಿಗೆ ಬಂದ ಮೆಮೊ

ಮಾನ್ಯ ಅರಣ್ಯಾಧಿಕಾರಿಗಳೇ,

ಕಾಡು ಸುಡದಂತೆ ನೋಡಿಕೊಂಡ ತಪ್ಪಿಗೆ ನನ್ನ ಮಗಳನ್ನು ಅಮಾನತು ಮಾಡಿ ಎಂಟು ತಿಂಗಳಾಯಿತು. ಎರಡು ಅರ್ಜಿ ಕೊಟ್ಟೆ, ಉತ್ತರವಿಲ್ಲ. ಅದಕ್ಕೇ ಪೇಪರಿಗೆ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಾತು ಒರಟಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವಳು ಸುಟ್ಟ ಬೆಂಕಿರೇಖೆ ಅಂದರೇನೆಂದು ಓದುವವರಿಗೆ ಹೇಳಿಬಿಡುತ್ತೇನೆ, ನಿಮಗೆ ಗೊತ್ತಿರಬೇಕು. ಬೇಸಿಗೆ ಏರುವ ಮುಂಚೆ ಕಾಡಿನ ಅಂಚಿನ ಹುಲ್ಲನ್ನು ಪಟ್ಟಿಯಂತೆ ನಾವೇ ಸುಟ್ಟು ಆರಿಸುವುದು, ಹೊರಗಿನ ಬೆಂಕಿ ಒಳಗೆ ದಾಟಬಾರದೆಂದು. ಅದಕ್ಕೆ ಸಿಗುವುದು ಹತ್ತೋ ಹನ್ನೆರಡೋ ದಿನ. ಹುಲ್ಲು ಮುಷ್ಟಿಯಲ್ಲಿ ಮುರಿಯಬೇಕು, ಪುಡಿಯಾಗಬಾರದು. ಪುಡಿಯಾಯಿತೋ, ಹಚ್ಚಿದ ಬೆಂಕಿ ಯಾರ ಮಾತೂ ಕೇಳುವುದಿಲ್ಲ. ಮೂವತ್ತೊಂದು ವರ್ಷ ಕಾಡು ಕಾಯುವ ವಾಚರ್ ಆಗಿದ್ದು ನಾನು ಕಲಿತದ್ದು ಇಷ್ಟೇ. ಪರೀಕ್ಷೆ ಪಾಸು ಮಾಡಿ ಗಾರ್ಡ್ ಆದ ಮಗಳಿಗೂ ಇದನ್ನೇ ಹೇಳಿಕೊಟ್ಟೆ. ನಿಮ್ಮ ತರಬೇತಿಯಲ್ಲಿ ಈ ಪಾಠ ಇರಲಿಲ್ಲವಂತೆ.

ಹೋದ ವರ್ಷ ಅವಳು ಅನುಮತಿ ಕೇಳಿ ಮೂರು ಸಲ ಬರೆದಳು. ಹತ್ತು ದಿನವಾದರೂ ಬರಲಿಲ್ಲ. ಹುಲ್ಲು ನಿಮ್ಮ ರುಜುವಿಗೆ ಕಾಯುತ್ತದೆಯೇ? ಹನ್ನೊಂದನೇ ದಿನ ಬೆಳಿಗ್ಗೆ ಆಳುಗಳನ್ನು ಉದ್ದಕ್ಕೂ ನಿಲ್ಲಿಸಿಕೊಂಡು ಸುಟ್ಟಳು. ಪಕ್ಕದ ಸರಹದ್ದಿನವರು ಶಿಸ್ತಿನ ಜನ, ಆದೇಶಕ್ಕೆ ಕಾದರು. ತಿಂಗಳ ಮೇಲೆ ಬಂತು. ಸುಟ್ಟರು. ರೇಖೆಯ ಜೊತೆ ಒಂದು ಗುಡ್ಡವೇ ಹೋಯಿತು. ಆ ಬೆಂಕಿ ನನ್ನ ಮಗಳ ರೇಖೆಯವರೆಗೂ ಬಂದು ಅಲ್ಲೇ ನಿಂತಿತು. ಅವರಿಗೆ ಬೆಂಕಿ ಆರಿಸಿದ್ದಕ್ಕೆ ಪ್ರಶಂಸಾಪತ್ರ. ಇವಳಿಗೆ ಮೆಮೊ: "ತಮ್ಮ ಸರಹದ್ದಿನಲ್ಲಿ ಬೆಂಕಿ ಅನಾಹುತ ವರದಿಯಾಗದ ಕಾರಣ, ಅನುಮತಿಯಿಲ್ಲದೆ ರೇಖೆ ಸುಡುವ ತುರ್ತು ಇದ್ದಂತೆ ಕಂಡುಬರುವುದಿಲ್ಲ." ಎಷ್ಟು ಓದಿದರೆ ಇಂಥ ವಾಕ್ಯ ಬರೆಯಲು ಬರುತ್ತದೆ, ಸ್ವಾಮಿ?

ಕೇಳಲು ನಿಮ್ಮ ಕಚೇರಿಗೂ ಬಂದಿದ್ದೆ. ಗುಮಾಸ್ತ ಒಳ್ಳೆಯವ, ಕುರ್ಚಿ ಕೊಟ್ಟ.

"ಯಜಮಾನ್ರೇ, ಕಾಡು ಒಂಚೂರು ಸುಟ್ಟಿದ್ರೂ ನಿಮ್ಮ ಮಗಳು ಬಚಾವಾಗ್ತಿದ್ಲು. ಸುಡ್ಲಿಲ್ವಲ್ಲ, ಅದೇ ತೊಂದ್ರೆ."

"ಹಾಗಾದ್ರೆ ಕಡ್ಡಿಪೆಟ್ಟಿಗೆ ಕೊಡಪ್ಪ, ಈಗ್ಲೇ ಹೋಗ್ಬರ್ತೀನಿ."

ಅವನು ನಕ್ಕ. ನನಗೆ ನಗಲೂ ಸುಸ್ತು.

ಈಗ ತಪ್ಪೊಪ್ಪಿಗೆಯ ನಮೂನೆ ಕಳಿಸಿದ್ದೀರಿ. ರುಜು ಹಾಕಿದರೆ ಕೆಲಸ ವಾಪಸ್. ಮಗಳು ಸೋತಿದ್ದಾಳೆ. "ಹಾಕ್ಬಿಡ್ತೀನಿ ಅಪ್ಪಾ, ಸಾಕಾಗಿದೆ. ನೀನು ಪೇಪರಿಗೆ ಬರ್ದು ರಂಪ ಮಾಡ್ಬೇಡ," ಅನ್ನುತ್ತಾಳೆ. ಹಾಕಿದ ದಿನದಿಂದ ಅವಳೂ ಆದೇಶಕ್ಕೆ ಕಾಯುವ ಗಾರ್ಡ್ ಆಗುತ್ತಾಳೆ. ಮಾಡಿದ್ದು ತಪ್ಪೆಂದು ಬರೆದುಕೊಟ್ಟವಳು ಅದನ್ನೇ ಮತ್ತೆ ಮಾಡುತ್ತಾಳೆಯೇ? ಈ ಸಲದ ಹುಲ್ಲು ಆಗಲೇ ಬಣ್ಣ ತಿರುಗಿದೆ.

ಆ ನಮೂನೆ ವಾಪಸ್ ತಗೊಂಡು, ಈ ವಾರವೇ ಅವಳನ್ನು ಕೆಲಸಕ್ಕೆ ಹಾಕಿ. ಆಗದಿದ್ದರೆ ಅದರಲ್ಲಿ ಇನ್ನೊಂದು ಸಾಲು ಸೇರಿಸಿ: "ಆದೇಶ ತಡವಾಗಿ ಕಾಡು ಸುಟ್ಟರೆ ಹೊಣೆ ಅರಣ್ಯಾಧಿಕಾರಿಯಾದ ನನ್ನದು." ಅದರ ಕೆಳಗೆ ಮೊದಲು ನೀವು ರುಜು ಹಾಕಿ. ಆಮೇಲೆ ಅವಳು ಹಾಕುತ್ತಾಳೆ.

ಇಂತಿ,
ಅಮಾನತು ಮಾಡಲು ಕೆಲಸವೂ ಉಳಿದಿಲ್ಲದ
ಒಬ್ಬ ಹಳೇ ವಾಚರ್