ಹಿಮೆಜಿಗೆ ಹೋದ ಜಿಂಕೆಗಳು

ಒಸಾಕಾ
ನವೆಂಬರ್ 14, ಗುರುವಾರ

ಪ್ರೀತಿಯ ಚಿಹಾರು,

ಮುನಿದಿದ್ದರೂ ಇದನ್ನು ಕೊನೆಯವರೆಗೆ ಓದುತ್ತೀಯೆಂದು ನಂಬಿದ ಅಮ್ಮನ ಆಶೀರ್ವಾದಗಳು.

ಸಿಕ್ಕಿಬಿದ್ದೆ. ಹಿಮೆಜಿಯಿಂದ ತಂದದ್ದೆಂದು ಸೆಂದಾಯಿಗೆ ನಿಮ್ಮ ಮನೆಗೆ ಕಳಿಸಿದ ಸಿಹಿಯ ಡಬ್ಬಿಗೆ ನಾರಾದ ಅಂಗಡಿಯ ಜಿಂಕೆ ಚಿತ್ರದ ಕಾಗದ ಸುತ್ತಿಬಿಟ್ಟಿದ್ದೆ. ‘ಏನ್ರೀ ಫುಮಿ ಅವ್ರೇ, ನಾರಾದ ಜಿಂಕೆಗಳೆಲ್ಲ ಹಿಮೆಜಿಗೆ ಗುಳೆ ಹೋದ್ವಾ?’ ಎಂದು ಬೀಗಿತ್ತಿ ಫೋನಿನಲ್ಲಿ ನಕ್ಕರು. ನೀನು ನಗಲಿಲ್ಲ. ‘ಅಮ್ಮಾ, ಗುರುವಾರ ಗುರುವಾರ ನೀನು ಎಲ್ಲಿಗ್ ಹೋಗ್ತಿದೀಯ, ನಿಜ ಹೇಳು’ ಎಂದವಳು ಉತ್ತರಕ್ಕೂ ಕಾಯದೆ ಫೋನ್ ಇಟ್ಟೆ.

ಹೇಳುತ್ತೇನೆ. ಗುರುವಾರಗಳಲ್ಲಿ ನೋಡಿಬಂದೆ ಎಂದು ನಿನಗೆ ಹೇಳಿದ ನಾರಾ, ಉಜಿ, ಹಿಕೊನೆ, ಹಿಮೆಜಿ ಯಾವ ಹಳೆಯ ಊರಿಗೂ ಮೂರು ವರ್ಷದಿಂದ ನಾನು ಹೋಗಿಲ್ಲ. ಆ ಊರುಗಳ ಸಿಹಿಯೆಲ್ಲ ಇಲ್ಲೇ ಒಸಾಕಾದಲ್ಲಿ, ಉಮೆದಾದ ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ ಒಂದೇ ಸಾಲಿನಲ್ಲಿ ಸಿಗುತ್ತದೆ. ಬೆಳಿಗ್ಗೆ ಹೋಗಿ ಸಂಜೆ ಬಂದರೂ ಆ ಊರಿನ ಡಬ್ಬಿ ತರಲೇಬೇಕು, ಕೈಬೀಸಿಕೊಂಡು ಬಂದೆ ಎಂದರೆ ಯಾರು ನಂಬುತ್ತಾರೆ? ಅಂಗಡಿಯವರು ತಮ್ಮದೇ ಕಾಗದ ಸುತ್ತಿಕೊಡುತ್ತಾರೆ. ಅದನ್ನು ಬಿಚ್ಚಿ, ನಾನು ಕೂಡಿಟ್ಟ ಊರೂರಿನ ಹಳೆಯ ಕಾಗದ ಸುತ್ತಿ ಕಳಿಸುತ್ತಿದ್ದೆ. ನಮ್ಮ ಮನೆಯಲ್ಲಿ ಕಾಗದ ಬಿಸಾಡುವ ಅಭ್ಯಾಸವಿಲ್ಲವೆಂದು ನಿನಗೆ ಗೊತ್ತು. ಕೋಟೆ, ದೇಗುಲಗಳ ವರ್ಣನೆಯೆಲ್ಲ ನಿಲ್ದಾಣದ ಕರಪತ್ರ ನೋಡಿ ಬರೆದದ್ದು. ಹಿಕೊನೆ ಕೋಟೆಯ ಮೆಟ್ಟಿಲು ಹತ್ತಿ ಸೊಂಟ ಹಿಡಿದುಕೊಂಡಿತು ಎಂದಿದ್ದೆನಲ್ಲ, ಸೊಂಟ ನೋವು ಮಾತ್ರ ನಿಜ. ಅದು ನಿನ್ನ ಅಪ್ಪನನ್ನು ಎತ್ತಿ ಕೂರಿಸಿ ಬಂದದ್ದು.

ಈಗಲೇ ಕಾಗದ ಹರಿಯಬೇಡ. ಆ ಮನುಷ್ಯನ ಹೆಸರೆತ್ತಿದರೆ ನಿನ್ನ ಮನೆ ಬಾಗಿಲು ನನಗೂ ಮುಚ್ಚಿದ ಹಾಗೆ ಎಂದು ಮದುವೆಯ ದಿನ ನೀನು ಹೇಳಿದ್ದು ನೆನಪಿದೆ. ಹದಿನೈದು ವರ್ಷದ ನಿನ್ನನ್ನೂ ನನ್ನನ್ನೂ ಬಿಟ್ಟು ಇನ್ನೊಬ್ಬಳ ಹಿಂದೆ ಹೋದದ್ದನ್ನು ನಾನೂ ಮರೆತಿರಲಿಲ್ಲ. ಆಕೆ ತೀರಿಹೋದಳು, ಶೂಜಿಗೆ ಪಾರ್ಶ್ವವಾಯು ಬಡಿದು ಸಕಾಯ್‌ನ ಒಂದು ವೃದ್ಧಾಶ್ರಮದಲ್ಲಿದ್ದಾನೆ ಎಂದು ನಿನ್ನ ಅಪ್ಪನ ಹಳೆಯ ಸ್ನೇಹಿತರೊಬ್ಬರು ತಿಳಿಸಿದಾಗ, ಎದುರು ನಿಂತು ಬೈದು ಬರಬೇಕೆಂದೇ ಹೋದೆ. ಎರಡು ರೈಲು, ಒಂದು ಬಸ್ಸು, ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಅಲ್ಲಿ ನೋಡಿದರೆ ಎಡಗೈಯಲ್ಲಿ ಗಂಜಿ ತಿನ್ನಲು ಹೆಣಗುತ್ತಿದ್ದರು, ಬಾಯಿಗಿಂತ ಮಡಿಲಿಗೇ ಹೆಚ್ಚು ಬೀಳುತ್ತಿತ್ತು. ಚಮಚ ಕಿತ್ತುಕೊಂಡೆ. ಬಟ್ಟಲು ಖಾಲಿಯಾಗುವವರೆಗೆ ನಾನೇ ತಿನ್ನಿಸಿದೆ. ಅಂದು ಸಂಜೆ ನೀನು ಫೋನ್ ಮಾಡಿ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಾಗ ಬಾಯಿಗೆ ಬಂದದ್ದು ನಾರಾ.

ಸಕಾಯ್ ಕೂಡ ಹಳೆಯ ಊರೇ. ಪುರಾತನ ರಾಜನ ಸಮಾಧಿ ಬಸ್ಸಿನ ಕಿಟಕಿಯಿಂದ ಕಾಡು ಬೆಳೆದ ಗುಡ್ಡದ ಹಾಗೆ ಕಾಣುತ್ತದೆ. ನೂರೈವತ್ತು ಸಲ ಪಕ್ಕದಲ್ಲೇ ಹಾದುಹೋಗಿದ್ದರೂ ಇಳಿದು ನೋಡಿಲ್ಲ. ಇಳಿದರೆ ಮತ್ತೆ ಬಸ್ಸು ಹತ್ತಲು ಮೈ ಏಳುವುದಿಲ್ಲ. ನನಗೆ ಸಾಕಾಗಿದೆ ಚಿಹಾರು. ಎಪ್ಪತ್ತೊಂದು ವರ್ಷಕ್ಕೆ ಅವರನ್ನೂ ಎತ್ತಲಾರೆ, ನಿನಗೆ ಹೇಳಿದ ಸುಳ್ಳನ್ನೂ ಹೊರಲಾರೆ.

ಈಗ ಗಂಜಿಯೂ ಇಳಿಯುತ್ತಿಲ್ಲ. ಹೊಟ್ಟೆಗೆ ನಳಿಕೆ ಹಾಕಿಸುವುದೋ, ಹಾಗೇ ಬಿಡುವುದೋ, ಇದೇ ತಿಂಗಳ ಇಪ್ಪತ್ತೈದರೊಳಗೆ ಮನೆಯವರು ಕಾಗದಕ್ಕೆ ಸಹಿಯ ಬದಲು ತಮ್ಮ ಹೆಸರಿನ ಮುದ್ರೆ ಒತ್ತಿ ತಿಳಿಸಬೇಕಂತೆ. ವಿಚ್ಛೇದನವಾದ ಹೆಂಡತಿ ಕಾಗದದಲ್ಲಿ ಯಾರೂ ಅಲ್ಲ. ಮಗಳ ಹೆಸರನ್ನು ಯಾರೂ ಅಳಿಸಲಾರರು. ಹಾಕಿಸು, ಬಿಡು ಎಂದು ನಾನು ಹೇಳುವುದಿಲ್ಲ. ಅವರನ್ನು ಕ್ಷಮಿಸು ಎಂದಂತೂ ಕೇಳುವುದಿಲ್ಲ, ನಾನೇ ಇನ್ನೂ ಕ್ಷಮಿಸಿಲ್ಲ. ಬರುವ ಗುರುವಾರ ಒಮ್ಮೆ ಬಾ. ಬರಲಾರೆ ಎಂದಾದರೆ ಅದನ್ನೇ ಎರಡು ಸಾಲು ಬರೆ. ನಿನ್ನ ಬಾಗಿಲು ಮುಚ್ಚಿತೆಂದು ತಿಳಿದುಕೊಳ್ಳುತ್ತೇನೆ.

ಸುಳ್ಳು ಹೇಳಿ ಹೇಳಿ ಸುಸ್ತಾದ ನಿನ್ನ ಅಮ್ಮ,
ಫುಮಿ

ಲಕೋಟೆ ಅಂಟಿಸುವ ಮುನ್ನ ಇನ್ನೊಂದು ಮಾತು. ಆಶ್ರಮದವರ ಲೆಕ್ಕದಲ್ಲಿ ನಾನು ಶೂಜಿಯ ಅಕ್ಕ. ಬಿಟ್ಟುಹೋದ ಗಂಡನನ್ನು ನೋಡಲು ಬಂದಿದ್ದೇನೆ ಎನ್ನಲು ನಾಚಿಕೆಯಾಗಿ ಮೊದಲ ದಿನವೇ ಹಾಗೆ ಹೇಳಿಬಿಟ್ಟೆ. ಹೋದ ವಾರ ದಾದಿ ‘ಅಕ್ಕ ತಾನೇ ನೀವು, ನೀವೇ ಒತ್ತಿಬಿಡಿ, ಅದಕ್ಯಾಕ್ ಇಷ್ಟು ಯೋಚ್ನೆ’ ಎಂದು ಕಾಗದ ಮುಂದಿಟ್ಟಳು. ಮುದ್ರೆ ಚೀಲದಲ್ಲೇ ಇತ್ತು. ಸಿಹಿ ಡಬ್ಬಿಯ ವಿಷಯದಲ್ಲಿ ಸುಳ್ಳು ಹೇಳಿದ ಹಾಗೆ ಒಬ್ಬರ ಪ್ರಾಣದ ವಿಷಯದಲ್ಲಿ ಹೇಳಲು ಮನಸ್ಸು ಬರಲಿಲ್ಲ, ಒತ್ತಲಿಲ್ಲ. ನೀನು ಬಂದರೆ ಆಶ್ರಮದವರೆದುರು ನನ್ನನ್ನು ಅಮ್ಮ ಎನ್ನಬೇಡ, ಅತ್ತೆ ಎನ್ನು. ನಿನ್ನ ಅಪ್ಪ ಕೂಡ ನನ್ನನ್ನು ಅಕ್ಕಾ ಎಂದೇ ಕರೆಯುತ್ತಾರೆ. ಮರೆತು ಕರೆಯುತ್ತಾರೋ, ನನ್ನ ಮಾನ ಉಳಿಸಲು ಕರೆಯುತ್ತಾರೋ, ಕೇಳುವ ಧೈರ್ಯ ನನಗೆ ಬಂದಿಲ್ಲ.