ಅಟ್ಟಣೆಯ ಕೆಳಗಿನ ಬಂಡೆ

ಏಪ್ರಿಲ್ ೬, ಸಂಜೆ

ಇವತ್ತೂ ಎರಡು ಜೀಪು ಜನ. ಅಟ್ಟಣೆ ಹತ್ತುವ ಮುಂಚೆ ಮಾಮೂಲಿ ಪಾಠ — ಬಿಸ್ಕತ್ತು ಜೀಪಿನಲ್ಲೇ ಬಿಡಿ, ಫ್ಲ್ಯಾಶ್ ಬೇಡ, ಪಿಸುಮಾತೂ ಬೇಡ. ಮಾತೇ ಆಡಬಾರದೆಂದು ಮೊದಲೇ ಹೇಳಿದ್ದರೆ ಹೆಂಡತಿಯನ್ನು ದಿನಾ ಕರೆತರುತ್ತಿದ್ದೆ ಅಂದರು ಒಬ್ಬರು. ಜಾಸ್ತಿ ನಕ್ಕಿದ್ದು ಹೆಂಡತಿಯೇ.

ನಿಯಮಗಳೆಲ್ಲ ಅತ್ತೆಯವು. ಅಪ್ಪನ ತಂಗಿ, ನನ್ನನ್ನು ಸಾಕಿದವಳು. ಇದೇ ಕಾಡಿನಲ್ಲಿ ಗಾರ್ಡ್ ಆಗಿದ್ದು ರಿಟೈರ್ ಆದಳು. ನನ್ನನ್ನು ಗೈಡ್ ಮಾಡಿದ್ದೂ ಅವಳೇ.

ಬಿಸಿಲು ಇಳಿದ ಮೇಲೆ ತಾಯಿ ಕರಡಿ ಬಂತು, ಮರಿಯ ಜೊತೆ. ಬಂಡೆಯ ಬಿರುಕಿಗೆ ಮೂತಿ ತೂರಿಸಿ ನೆಕ್ಕಿತು. ಇರುವೆ ಹುಡುಕುತ್ತಿದೆ ಎಂದು ಮೆಲ್ಲಗೆ ವಿವರಿಸಿದೆ. ಹೋದ ವರ್ಷ ಸೀಸನ್ ಪೂರ್ತಿ ಕಾದರೂ ಕಾಣಿಸಿದ್ದು ಅಪರೂಪ. ಈಗ ಹೆಚ್ಚು ಕಡಿಮೆ ದಿನಾ. ನಾವು ಇಷ್ಟು ವರ್ಷ ದೂರ ಇದ್ದುದಕ್ಕೆ ಕಾಡು ಕೊಟ್ಟ ಉತ್ತರ ಇದು ಅಂದೆ. ಹೇಳುವಾಗ ಗಂಟಲು ಕಟ್ಟಿತು. ಜನರ ಮುಂದೆ ನಾಚಿಕೆಯಾಯಿತು.

ಏಪ್ರಿಲ್ ೧೫

ಅರಣ್ಯ ಇಲಾಖೆಯ ಸಾಹೇಬರು ಬಂದಿದ್ದರು. ಈ ಇಳಿಜಾರಿನ ಮೇಲೆ ರಸ್ತೆ ಹಾಯಿಸುವ ಮಾತು ನಡೆದಿದೆ. ಇಲ್ಲಿ ಕರಡಿಯೇ ಇಲ್ಲ ಎಂದು ಮೇಲಿನವರ ವಾದ. ಸಾಹೇಬರು ಕಣ್ಣಾರೆ ನೋಡಿದರು — ತಾಯಿ, ಮರಿ, ಎರಡೂ. ಹೇಗೆ ಸಾಧ್ಯವಾಯಿತು ಎಂದು ಕೇಳಿದರು. ಅತ್ತೆಯ ನಿಯಮಗಳ ಬಗ್ಗೆ ಹೇಳಿದ್ದೇ ಹೇಳಿದ್ದು. ಜೊತೆಗಿದ್ದ ಅತ್ತೆ ಬೇರೆ ಕಡೆ ಮುಖ ತಿರುಗಿಸಿದಳು. ಹೊಗಳಿಕೆ ಅವಳಿಗೆ ಆಗುವುದಿಲ್ಲ, ಅದಕ್ಕೇ ಅಂದುಕೊಂಡೆ.

ಏಪ್ರಿಲ್ ೨೮

ಮಧ್ಯಾಹ್ನ, ಜನ ಬರುವ ಮುಂಚೆ, ಅಟ್ಟಣೆ ಗುಡಿಸುವಾಗ ನನ್ನ ಬೈನಾಕ್ಯುಲರಿನ ಮುಚ್ಚಳ ಕೆಳಗೆ ಬಿತ್ತು. ಉರುಳಿ ಬಂಡೆಯ ಹತ್ತಿರ ಹೋಯಿತು. ಬಂಡೆಯ ಬಳಿ ಯಾರೂ ಹೋಗಬಾರದು, ಅದೂ ಅತ್ತೆಯದೇ ನಿಯಮ. ಪ್ಲಾಸ್ಟಿಕ್ ಅಲ್ಲವೇ, ಮರಿ ಬಾಯಿಗೆ ಹಾಕಿಕೊಂಡರೆ... ಇಳಿದೆ.

ಬಿರುಕಿನ ತುಂಬ ಜೇನುತುಪ್ಪ. ಮಧ್ಯೆ ಕಡಲೆಕಾಯಿ ಬೀಜ. ಇನ್ನೂ ಹಸಿಹಸಿ.

ಡ್ರೈವರ್ ಮೇಲೆ ಹರಿಹಾಯ್ದೆ. ಜೀಪು ತುಂಬಿದರೆ ಲಾಭ ಅವನಿಗೇ ಅಲ್ಲವೇ. ಬಾಯಿಗೆ ಬಂದದ್ದೆಲ್ಲ ಅಂದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ:

"ಅಕ್ಕಾ, ಅತ್ತೆನ ಕೇಳಿ. ಇದು ಎಲ್ಲರಿಗೂ ಗೊತ್ತು. ನಿಮಗೊಬ್ಬರಿಗೇ ಗೊತ್ತಿಲ್ಲ."

ಅದೇ ದಿನ, ಸಂಜೆ

ಅತ್ತೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಜೇನಿನ ಬಗ್ಗೆ ಕೇಳಿದೆ. ಇಲ್ಲ ಅನ್ನುತ್ತಾಳೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಕೈಯನ್ನೂ ನಿಲ್ಲಿಸಲಿಲ್ಲ.

"ಕಣ್ಣಿಗೆ ಬೀಳದ ಕರಡಿಗೋಸ್ಕರ ಯಾರೇ ರಸ್ತೆ ಕೈಬಿಡ್ತಾರೆ? ತೋರಿಸ್ಬೇಕಿತ್ತು. ತೋರಿಸ್ದೆ."

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿಂಗೆ ಸುಳ್ಳು ಹೇಳೋಕೆ ಬರಲ್ಲ. ಸಾಹೇಬ್ರು ಕರಡಿ ನೋಡಿ ನಂಬಿದ್ದಲ್ಲ ಕಣೇ, ನಿನ್ನ ಮುಖ ನೋಡಿ ನಂಬಿದ್ದು."

ಅಷ್ಟೇ. ಎದ್ದು ಬಂದೆ. ಅಂದರೆ ಕರಡಿಗೆ ಜೇನು ಹೇಗೋ, ಜೀಪಿನ ಜನಕ್ಕೆ ನಾನು ಹಾಗೆ. ಗಂಟಲು ಕಟ್ಟಿದ್ದು, ಆ ಕಾಡಿನ ಉತ್ತರ ಗಿತ್ತರ... ಬರೆಯುವುದಕ್ಕೂ ಮೈ ಉರಿಯುತ್ತದೆ.

ಮೇ ೨

ಬಿರುಕನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದೆ. ಅಟ್ಟಣೆಗೆ ಬೀಗ. ರಿಪೇರಿ ಎಂದು ಬೋರ್ಡ್ ಹಾಕಿದೆ. ಸುಳ್ಳು ಬರುವುದಿಲ್ಲ ಅಂದಳಲ್ಲ.

ಅತ್ತೆಯ ಜೊತೆ ಮಾತಿಲ್ಲ. ಊಟ ಬಡಿಸಿ ಮುಚ್ಚಿಟ್ಟು ಹೋಗುತ್ತಾಳೆ. ತಿನ್ನುತ್ತೇನೆ. ಹಸಿವೆಗೆ ಮಾನವಿಲ್ಲ.

ಮೇ ೧೯

ಕರಡಿಗೆ ಬೀಗ ಬೋರ್ಡು ಯಾವ ಲೆಕ್ಕ. ಬಂಡೆ ಖಾಲಿ ಎಂದು ಗೊತ್ತಾದ ಮೇಲೆ ಮನುಷ್ಯರ ವಾಸನೆ ಹಿಡಿದು ಬರುತ್ತಿದೆ. ಇವತ್ತು ಬೆಳಗ್ಗೆ ಜೀಪ್ ಶೆಡ್ಡಿಗೇ ಬಂತು. ಡ್ರೈವರಿನ ಊಟದ ಚೀಲ ಕಿತ್ತುಕೊಂಡಿತು. ಬಿಡಿಸಿಕೊಳ್ಳಲು ಹೋದ ಅವನ ತೋಳು ಭುಜದಿಂದ ಮೊಣಕೈವರೆಗೆ ಸೀಳಿದೆ. ಮರಿ ಪಕ್ಕದಲ್ಲೇ ಕೂತು ನೋಡುತ್ತಿತ್ತು. ಕಲಿಯುತ್ತಿತ್ತು.

ಆಸ್ಪತ್ರೆಯಲ್ಲಿ ಅವನ ಕಣ್ಣು ನೋಡಲಾಗಲಿಲ್ಲ. ಹೊಲಿಗೆ ಹಾಕಿಸಿಕೊಳ್ಳುತ್ತಾ ಅವನೇ ನನಗೆ ಸಮಾಧಾನ ಹೇಳಿದ.

ಮೇ ೨೪

ಎರಡನ್ನೂ ಬೋನಿಗೆ ಹಾಕಿದರು. ತಾಯಿ ಒದ್ದಾಡಲಿಲ್ಲ. ಜನರ ಹೆದರಿಕೆ ಇದ್ದರೆ ತಾನೇ ಒದ್ದಾಡುವುದು. ಇನ್ನು ಕಾಡಿಗೆ ಬಿಡುವ ಹಾಗಿಲ್ಲ, ಜನರ ಹತ್ತಿರ ತಿನ್ನಲು ಕಲಿತದ್ದು ಮತ್ತೆ ಜನರ ಹತ್ತಿರವೇ ಬರುತ್ತದೆ ಎಂದರು ಪ್ರಾಣಿಗಳ ಡಾಕ್ಟರು. ತಂತಿಬೇಲಿಯ ಒಳಗೆ ಜೀವನ ಪೂರ್ತಿ.

ಲಾರಿ ಹೋದ ಮೇಲೆ ಸಾಹೇಬರಿಗೆ ಎಲ್ಲ ಹೇಳಿಬಿಟ್ಟೆ. ಜೇನು, ಬಂಡೆ, ಅತ್ತೆ. ಬೈಯುತ್ತಾರೆ ಎಂದು ಕಾದೆ. ಸುತ್ತ ನೋಡಿದರು, ದನಿ ಇಳಿಸಿದರು.

"ನೀವು ಹೇಳಿಲ್ಲ, ನಾನು ಕೇಳಿಲ್ಲ. ಫೈಲು ಮೇಲೆ ಹೋಗಿದೆ. ಈಗ ಬಾಯಿಬಿಟ್ರೆ ರಸ್ತೆ ಬರುತ್ತೆ. ಬರ್ಲಾ?"

ಬರಲಿ ಅನ್ನಲು ಬಾಯಿ ಬರಲಿಲ್ಲ. ಈ ಸುಳ್ಳಿನಲ್ಲಿ ಅತ್ತೆಯೊಬ್ಬಳೇ ಅಂದುಕೊಂಡಿದ್ದೆ.

ಜೂನ್ ೧೧

ಆರ್ಡರ್ ಬಂತು. ರಸ್ತೆ ಇಲ್ಲ. ತಾಯಿ ಕರಡಿ ಮರಿ ಸಮೇತ ವಾಸವಿರುವ ಇಳಿಜಾರು, ಮುಟ್ಟುವಂತಿಲ್ಲ — ಹಾಗೇ ಬರೆದಿದ್ದಾರಂತೆ. ವಾಸವಿರುವ.

ಅತ್ತೆ ಬಾಗಿಲಲ್ಲಿ ನಿಂತು ಹೇಳಿದಳು. ಗೆದ್ದ ಮುಖ ಇರಲಿಲ್ಲ. ಒಮ್ಮೆಲೇ ಮುದುಕಿಯಾಗಿದ್ದಾಳೆ. ಕರುಣೆ ಬಂತು. ಬಂದದ್ದಕ್ಕೆ ಸಿಟ್ಟೂ ಬಂತು.

ಜೂನ್ ೨೦, ಸಂಜೆ

ಅಟ್ಟಣೆ ಹತ್ತಿದೆ. ಜನ ಇಲ್ಲ, ಸುಮ್ಮನೆ. ಸ್ವಲ್ಪ ಹೊತ್ತಿಗೆ ಅತ್ತೆಯೂ ಏದುಸಿರು ಬಿಡುತ್ತಾ ಹತ್ತಿ ಬಂದಳು. ನಾನು ಬೇಡ ಅನ್ನಲಿಲ್ಲ. ಪಕ್ಕದಲ್ಲಿ ಜಾಗ ಬಿಟ್ಟು ಕೂತಳು.

ಎದುರಿನ ಇಳಿಜಾರಿನಲ್ಲಿ, ತುಂಬ ದೂರ, ಒಂದು ಕರಡಿ. ಗಂಡಿರಬೇಕು, ದೊಡ್ಡದು. ಹೊಸದು. ಒಂದೇ ಕಡೆ ನಿಂತು ಮಣ್ಣು ಕೆದಕುತ್ತಿತ್ತು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಇಂಥದ್ದಕ್ಕೇ ಅಲ್ಲವೇ ಇಷ್ಟು ವರ್ಷ ಕಾದದ್ದು. ಬೈನಾಕ್ಯುಲರ್ ಎತ್ತಿದವಳು ಹಾಗೇ ಇಳಿಸಿ, ಅತ್ತೆಯ ಮುಖ ನೋಡಿದೆ.

"ನಾನಲ್ಲ ಕಣೇ," ಅಂದಳು. ನಾನೇನೂ ಕೇಳಿರಲಿಲ್ಲ.

ನಿಜವೇ ಇರಬಹುದು. ಆ ನೋಯುವ ಮೊಣಕಾಲಿನಲ್ಲಿ ಅಷ್ಟು ದೂರ ಹೋಗಲಾರಳು. ಯಾರನ್ನಾದರೂ ಕಳಿಸಿದ್ದರೆ? ನಾಳೆ ಬೆಳಗ್ಗೆ ಹೋಗಿ ಆ ಮಣ್ಣು ನೋಡಿ ಬಂದರೆ ಗೊತ್ತಾಗುತ್ತದೆ. ಹೋದರೆ ನನ್ನ ವಾಸನೆಗೆ ಅದು ಜಾಗ ಬಿಡುತ್ತದೆ. ಹೋಗದಿದ್ದರೆ —