ತೊಂದರೆ ಇಲ್ಲ ಸಾರ್

ಮಾಜಿ ಸೈನಿಕರ ಆಸ್ಪತ್ರೆ,
ಮೂರನೇ ವಾರ್ಡಿನ ಹೊರಗಿನ ಬೆಂಚು,
ಶುಕ್ರವಾರ, ಮಾರ್ಚ್ ೧೨

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೋದ ಪತ್ರದಲ್ಲಿ ಕೆಮ್ಮು ಎಂದು ಬರೆದಿದ್ದೆ, ಬಿಟ್ಟಿತೇ? ಆ ಬೆಟ್ಟದ ನೆತ್ತಿಯಲ್ಲಿ ಫೋನೂ ಇಲ್ಲ, ಗಾಳಿಗೆ ಅಡ್ಡವಾಗಿ ಒಂದು ಮರವೂ ಇಲ್ಲ ಎಂದಿದ್ದೆಯಲ್ಲ, ಅದನ್ನು ಕೇಳಿದಾಗಿನಿಂದ ಅಮ್ಮ ನಿನಗೊಂದು ಮಫ್ಲರ್ ಹೆಣೆಯುತ್ತಿದ್ದಾಳೆ. ನಿನ್ನ ಕತ್ತು ಎಷ್ಟು ದಪ್ಪ ಎಂಬುದು ಮರೆತುಹೋಗಿರಬೇಕು, ಈಗಾಗಲೇ ಅದು ಇಬ್ಬರಿಗಾಗುವಷ್ಟು ಬೆಳೆದಿದೆ. ಕ್ಯಾಪ್ಟನ್ ಆದ ಮೇಲಾದರೂ ಹೊತ್ತು ಹೊತ್ತಿಗೆ ಊಟ ಮಾಡು.

ಅಪ್ಪನ ಬಲಗಾಲಿನ ಗಾಯಕ್ಕೆ ಇಲ್ಲಿ ಸೇರಿಸಿ ಎರಡು ವಾರವಾಯಿತು. ಸಕ್ಕರೆ ಕಾಯಿಲೆಯಿದ್ದವರ ಕಾಲಿನ ಗಾಯ ಹೇಗಿರುತ್ತದೆಂದು ನಿನಗೆ ಗೊತ್ತು. ಆಸ್ಪತ್ರೆಯ ಬಾಗಿಲಲ್ಲಿ ‘ನಿಮ್ಮ ಸೇವೆಯೇ ನಮ್ಮ ಭಾಗ್ಯ’ ಎಂಬ ಫಲಕವಿದೆ. ಹೊಸ ಬಣ್ಣ, ಹೊಳೆಯುವ ಅಕ್ಷರ. ಆ ಭಾಗ್ಯ ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕಿಕೊಂಡು ಮನೆಗೆ ಹೋಗುತ್ತದೆ. ಎಕ್ಸ್‌ರೇ ಯಂತ್ರದ ಮೇಲೆ ಹಾಸಿಗೆಯ ಚಾದರ ಹೊದಿಸಿದ್ದಾರೆ. ಇಡೀ ಕಟ್ಟಡದಲ್ಲಿ ಬೆಚ್ಚಗೆ ಮಲಗಿರುವುದು ಅದೊಂದೇ. ಶೌಚಾಲಯದ ವಿಷಯ ಬರೆಯುವುದಿಲ್ಲ, ನೀನು ಊಟದ ಮುಂದೆ ಪತ್ರ ಓದುವವನು. ಬೀದಿಯ ಆಚೆಗಿರುವ ಸಾರ್ವಜನಿಕ ಆಸ್ಪತ್ರೆಯೇನೂ ಇದಕ್ಕಿಂತ ಮೇಲಲ್ಲ. ಅಲ್ಲಿ ಕಾಲಿಡಲು ಜಾಗವಿಲ್ಲದೆ, ಕಾಲು ಮುರಿದ ಬಸ್ ಡ್ರೈವರ್ ಒಬ್ಬನನ್ನು ಇಲ್ಲಿಗೆ ತಳ್ಳಿದ್ದಾರೆ. ಅಪ್ಪನ ಪಕ್ಕದ ಹಾಸಿಗೆ ಅವನದೇ.

ಇಲ್ಲಿಯ ಮುಖ್ಯ ವೈದ್ಯ ಹಿಂದೆ ಸೇನೆಯಲ್ಲಿದ್ದವನಂತೆ. ಗುರುವಾರ ಗುರುವಾರ ಹತ್ತು ಗಂಟೆಗೆ ರೌಂಡ್ಸ್ ಬರುತ್ತಾನೆ. ಅವನು ನೋಡಲು ಬರುವುದು ರೋಗಿಗಳನ್ನಲ್ಲ, ಕವಾಯತನ್ನು. ಎಂಟು ಗಂಟೆಯಿಂದಲೇ ಮುದುಕರೆಲ್ಲ ಗಡ್ಡ ಹೆರೆದುಕೊಂಡು, ಕಂಬಳಿಯನ್ನು ಮೂಲೆಗೆ ಮೂಲೆ ಕೂಡಿಸಿ ಮಡಚಿ, ನಿಲ್ಲಲಾಗುವವರು ಹಾಸಿಗೆಯ ಕಾಲ ಬಳಿ ಸೆಟೆದು ನಿಲ್ಲುತ್ತಾರೆ. ಅಪ್ಪನೂ ನಿಲ್ಲುತ್ತಾರೆ, ಆ ಕಾಲಿನ ಮೇಲೆ. ಆತ ನಡೆಯುತ್ತಲೇ “ಏನಾದ್ರೂ ತೊಂದರೆ?” ಎನ್ನುತ್ತಾನೆ. ಅಪ್ಪ ಗೋಡೆ ನಡುಗುವಂತೆ “ತೊಂದರೆ ಇಲ್ಲ ಸಾರ್!” ಎನ್ನುತ್ತಾರೆ. “ಶಾಬಾಶ್.” ಅಲ್ಲಿಗೆ ಚಿಕಿತ್ಸೆ ಮುಗಿಯಿತು. ಬ್ಯಾಂಡೇಜು ಬಿಚ್ಚುವ ಮಾತೇ ಇಲ್ಲ.

ಬಸ್ ಡ್ರೈವರನಿಗೆ ಈ ಶಿಸ್ತು ಯಾರೂ ಕಲಿಸಿಲ್ಲ, ಅದು ಅವನ ಪುಣ್ಯ. “ಅಯ್ಯೋ ಸತ್ತೆ, ಎಲ್ಲ ಸೇರಿ ನನ್ನ ಕೊಲ್ತಿದ್ದೀರಲ್ರೋ!” ಎಂದು ಅವನು ಬಾಯಿಬಡಿದುಕೊಂಡಾಗಲೆಲ್ಲ ಯಾರಾದರೂ ಸೂಜಿ ಹಿಡಿದು ಓಡಿ ಬರುತ್ತಾರೆ. ನಿನ್ನೆ ಅವನು ಅಪ್ಪನಿಗೆ, “ಯಜಮಾನ್ರೇ, ಒಂದ್ಸಲ ಕೂಗಿ ನೋಡಿ, ದುಡ್ಡೇನೂ ಕೊಡ್ಬೇಕಾಗಿಲ್ಲ” ಎಂದ. ಅಪ್ಪ ಮುಖ ತಿರುಗಿಸಿಕೊಂಡು, “ಶಿಸ್ತಿಲ್ಲದ ಜನ” ಎಂದು ನನ್ನ ಕಿವಿಯಲ್ಲಿ ಗೊಣಗಿದರು.

ನರ್ಸಮ್ಮ ಮಾತ್ರ ಬ್ಯಾಂಡೇಜು ಬದಲಿಸುವಾಗ ನನ್ನನ್ನು ಹೊರಗೆ ಕರೆದು, “ಹೆಬ್ಬೆರಳು ಕಪ್ಪಾಗಿದೆ ತಾಯಿ. ಈಗ್ಲೇ ಕತ್ತರಿಸಿದ್ರೆ ಬೆರಳಿಗೆ ಮುಗಿಯುತ್ತೆ, ಬಿಟ್ರೆ ಕಾಲೇ ಹೋಗುತ್ತೆ. ಆಪರೇಶನ್ ಬರೆಯೋರು ದೊಡ್ಡ ಡಾಕ್ಟರು. ನಾನು ಬಾಯಿಬಿಟ್ಟೆ ಅನ್ನಿ, ನಾಳೆಯಿಂದ ರಾತ್ರಿಪಾಳಿ” ಎಂದಳು. ಆದ್ದರಿಂದ ನಿನ್ನೆಯ ರೌಂಡ್ಸಿನಲ್ಲಿ ನಾನೇ ಅಡ್ಡ ನಿಂತು, ಸೇವೆ ಮಾಡಿದವರ ಹಕ್ಕು, ಆರೋಗ್ಯ ಭಿಕ್ಷೆಯಲ್ಲ, ಎಂದು ಕರಪತ್ರಗಳಲ್ಲಿ ಓದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಆ ಮಹಾಶಯ ನನ್ನತ್ತ ನೋಡಲೂ ಇಲ್ಲ. “ರೋಗಿ ಮಾತಾಡ್ಲಿ. ಏನಪ್ಪಾ, ನೋವಿದೆಯಾ?” ಎಂದು ಕೇಳಿದ. ಅಪ್ಪನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. “ಇಲ್ಲ ಸಾರ್!” ಎಂದರು. ಆತ ಹೋದ ಮೇಲೆ ನನಗೇ ಬೈಗುಳ: “ಸಾಹೇಬರ ಮುಂದೆ ಬಾಯಿ ಮಾಡ್ತೀಯಾ? ಮಾನ ಕಳೆದೆಯಲ್ಲೇ!” ದಿಂಬಿನ ಕೆಳಗೆ ನಾನಿಟ್ಟಿದ್ದ ಕರಪತ್ರವನ್ನು ಮಡಚಿ ಬೀಸಣಿಗೆ ಮಾಡಿಕೊಂಡಿದ್ದಾರೆ.

ಆ ವೈದ್ಯನ ಮೇಲೆ ನನಗೆ ಸಿಟ್ಟಿಲ್ಲ, ಹೇಸಿಗೆ ಇದೆ. ಸಿಪಾಯಿ ನೋವು ಹೇಳಿಕೊಳ್ಳುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಕೇಳುತ್ತಾನೆ, ಕೇಳಿ ಹಾಸಿಗೆ ಖಾಲಿ ಮಾಡಿಸಿಕೊಳ್ಳುತ್ತಾನೆ. ಬರುವ ಗುರುವಾರವೂ ಅಪ್ಪ ಹೀಗೇ ಹೇಳಿದರೆ ‘ಗುಣಮುಖ’ ಎಂದು ಬರೆದು ಮನೆಗೆ ಕಳಿಸುತ್ತಾರಂತೆ. ಯುದ್ಧದಲ್ಲಿ ಹೋಗದ ಕಾಲು ಇವರ ಕೈಯಲ್ಲಿ ಹೋಗಬೇಕೇ?

ಅಮ್ಮ ಆಶೀರ್ವಾದ ಹೇಳಿದ್ದಾಳೆ. ರಾತ್ರಿ ಕಿವಿ ಮುಚ್ಚಿಕೊಂಡು ಮಲಗಬೇಕಂತೆ. ನೀನು ಕ್ಷೇಮವಾಗಿರು, ಅಷ್ಟೇ ಸಾಕು ನಮಗೆ.

ನಿನ್ನ ಜಗಳಗಂಟಿ,
ತಂಗಿ

ಮರೆತೆ, ಟಪಾಲಿನವನು ಬಾಗಿಲಲ್ಲಿದ್ದಾನೆ: ಈ ಪತ್ರ ಸಿಕ್ಕ ಕೂಡಲೇ ಅಪ್ಪನಿಗೆ ಎರಡು ಸಾಲು ತಂತಿ ಕಳಿಸು. ಮಗನಾಗಿ ಬೇಡ, ಮಗನಿಗೆ “ಆಯ್ತಪ್ಪಾ” ಎಂದು ಸುಮ್ಮನಾಗುತ್ತಾರೆ. ಕ್ಯಾಪ್ಟನ್ ಆಗಿ ಕಳಿಸು. ‘ಗುರುವಾರ ಹತ್ತು ಗಂಟೆಗೆ ಬ್ಯಾಂಡೇಜು ಬಿಚ್ಚಿ ಬಲಗಾಲನ್ನು ಮುಖ್ಯ ವೈದ್ಯರಿಗೆ ತೋರಿಸತಕ್ಕದ್ದು. ನೋವನ್ನು ಪೂರ್ತಿಯಾಗಿ ವರದಿ ಮಾಡತಕ್ಕದ್ದು.’ ಕೆಳಗೆ ಹೆಸರಿನ ಜೊತೆ ಹುದ್ದೆಯೂ ಇರಲಿ. ಅಪ್ಪ ಮೇಲಧಿಕಾರಿಯ ಮಾತು ಮೀರಿದವರಲ್ಲ. ಮನುಷ್ಯ ಮನುಷ್ಯನಿಗೆ ಆಜ್ಞೆ ಮಾಡುವುದೇ ಅನ್ಯಾಯ ಎಂದು ನಿನ್ನ ಜೊತೆ ಎಷ್ಟು ಸಲ ಕಿತ್ತಾಡಿದ್ದೇನೆ, ನೆನಪಿದೆ. ಈಗಲೂ ನನ್ನ ಮಾತು ಅದೇ. ನೀನು ಆಜ್ಞೆ ಮಾಡು.